ಪುಟ್ಟಿ ಮೆತ್ತಿದ ಮಸಾಲೆ ಅನ್ನ

ನಾನು ಮರಗೆಲಸದವನು. ನನಗೆ ಗುರು ಗಿರು ಅಂತ ಯಾರೂ ಇಲ್ಲ. ಕಂಡು ಕಲಿತೆ, ಕದ್ದು ಕಲಿತೆ, ಹೆಚ್ಚಿನದನ್ನು ಕೆಡಿಸಿ ಕಲಿತೆ. ಈ ಕೈ ಕೂರಿಸಿದ ಬಾಗಿಲು ಇಂದಿಗೂ ಕಿರ್ ಎಂದಿಲ್ಲ. ಈ ಕೈ ಮಾಡಿದ ಕುರ್ಚಿಯಲ್ಲಿ ಕೂತವರು ಏಳಲು ಒಪ್ಪುವುದಿಲ್ಲ, ಅದರಲ್ಲೂ ನೆಂಟರು! ಇಂಥ ಕೈಗೆ ಒಂದು ಪಾತ್ರೆ ಮಸಾಲೆ ಅನ್ನ ಯಾವ ದೊಡ್ಡ ಕೆಲಸ? ತೇಗದ ದಿಮ್ಮಿಗಿಂತ ಕುಂಬಳಕಾಯಿ ಗಟ್ಟಿಯೇ? ಹೀಗೆಂದುಕೊಂಡು ಹೋದ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು, ಎದೆ ಸೆಟೆಸಿ ಸಾರಿದೆ.

"ಇವತ್ತು ಅಡುಗೆಮನೆ ನನ್ನದು! ನೀನು ಹೊಸ್ತಿಲು ದಾಟಿದ್ರೆ ನನ್ನಾಣೆ!"

ನಮ್ಮ ಮನೆಯವಳು ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಬೆಂಕಿಪೊಟ್ಟಣ ಎಲ್ಲಿದೆ ಅಂತ ಗೊತ್ತೇನ್ರೀ?"

"ಹುಡುಕ್ತೀನಿ!"

"ಹುಡುಕಿ. ಹುಡುಕಿದ ಮೇಲೆ ಹಚ್ಚೋಕೆ ಮುಂಚೆ ನನಗೊಂದು ಮಾತು ಹೇಳಿ. ಬಟ್ಟೆ ಎತ್ತಿಕೊಂಡು ಹೊರಗೆ ಹೋಗ್ತೀನಿ."

ನಗಬೇಡಿ. ನಾನು ಸೌಟು ಹಿಡಿದದ್ದು ಹೊಟ್ಟೆಪಾಡಿಗಲ್ಲ. ಅದಕ್ಕೊಂದು ಕಾರಣವಿದೆ.

ಬೇಸಿಗೆಯ ಕೊನೆಯಲ್ಲಿ ಅವಳಿಗೊಂದು ಜ್ವರ ಬಂತು. ಬಂದ ಜ್ವರ ಸುಮ್ಮನೆ ಹೋಗಲಿಲ್ಲ, ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಮುಖದ ಮೇಲೇ ಇದೆ, ಚೆಂದವಾಗಿಯೂ ಇದೆ. ಆದರೆ ವಾಸನೆ ಸೊನ್ನೆ! ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ವಾಸನೆ ಹೋದಮೇಲೆ ರುಚಿಯೂ ಅದರ ಬೆನ್ನು ಹತ್ತಿತು. ಉಪ್ಪು, ಹುಳಿ, ಖಾರ ನಾಲಿಗೆಯ ತುದಿಗೆ ಬಂದು ಹೆಸರು ಹೇಳಿ ಹೋಗುತ್ತವೆಯಂತೆ, ಒಳಗೆ ಬಂದು ಕೂರುವುದಿಲ್ಲವಂತೆ. ಡಾಕ್ಟರರು ಟಾರ್ಚು ಬಿಟ್ಟು ಮೂಗಿನೊಳಗೆ ಇಣುಕಿ, "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಅಷ್ಟು ಹೇಳಲು ನಾನೇ ಸಾಕಾಗಿತ್ತು!

ಅವಳದು ಸಾಮಾನ್ಯ ಮೂಗಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸಂಜೆ ನಾನು ಓಣಿಯ ಆ ತುದಿಯ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ತೀರ್ಪು ಬರುತ್ತಿತ್ತು. "ಇವತ್ತು ತೇಗ." ಮರುದಿನ, "ಇವತ್ತು ಹಲಸು, ಅದೂ ಹಸೀದು. ಯಾರಿಗ್ರೀ ಹಸಿ ಮರದಲ್ಲಿ ಮಂಚ ಮಾಡಿಕೊಡ್ತಿದ್ದೀರಿ?" ನನ್ನ ಅಂಗಿಯ ಮೇಲಿನ ಹೊಟ್ಟು ಅವಳ ಮೂಗಿಗೆ ನನ್ನ ದಿನವನ್ನೆಲ್ಲ ಒಪ್ಪಿಸಿಬಿಡುತ್ತಿತ್ತು. ಒಂದು ಸಂಜೆಯಂತೂ, "ಇವತ್ತು ಯಾವ ಮರಾನೂ ಇಲ್ಲ. ಪಕ್ಕದ್ಮನೆ ದರ್ಜಿ ಜೊತೆ ಕೂತು ಕರಿದ ತಿಂಡಿ ತಿಂದಿದ್ದೀರಿ" ಎಂದು ನನ್ನನ್ನು ಹೊಸ್ತಿಲಲ್ಲೇ ಹಿಡಿದು ಹಾಕಿದ್ದಳು. ಆಗ ನನಗೆ ಕೋಪ ಬರುತ್ತಿತ್ತು. ಮನೆಯೊಳಗೆ ಹೆಂಡತಿಯಿದ್ದಾಳೋ ಪೊಲೀಸಿನವರಿದ್ದಾರೋ ಎಂದು ಗೊಣಗುತ್ತಿದ್ದೆ.

ಈಗ ಬಾಗಿಲಲ್ಲಿ ಬೇಕೆಂದೇ ನಿಲ್ಲುತ್ತೇನೆ. ಚಪ್ಪಲಿಯನ್ನು ಒಂದೊಂದಾಗಿ ನಿಧಾನವಾಗಿ ಬಿಡುತ್ತೇನೆ. ಯಾರೂ ನೋಡದಂತೆ ಅಂಗಿಯನ್ನು ಒಳಮುಖವಾಗಿ ಕೊಡವುತ್ತೇನೆ. ಒಳಗಿನಿಂದ "ಬಂದ್ರಾ?" ಎಂಬ ಒಂದು ಮಾತು ಬರುತ್ತದೆ. ಜೊತೆಗೆ ಯಾವ ಮರ ಬಂತು ಎಂದು ಯಾರೂ ಹೇಳುವುದಿಲ್ಲ.

ಇನ್ನು ಅವಳ ಮಸಾಲೆ ಅನ್ನ. ಮಳೆ ನಿಂತು, ಎಲೆ ಉದುರತೊಡಗಿ, ಬಿಸಿಲು ಹಣ್ಣಾಗುವ ಹೊತ್ತಿಗೆ ತರಕಾರಿ ಬೀದಿಯ ಮೂಲೆಯಲ್ಲಿ ಸಿಹಿಗುಂಬಳದ ರಾಶಿ ಬೀಳುತ್ತದೆ. ವರ್ಷಾ ವರ್ಷ ಆ ರಾಶಿಯ ಮೊದಲ ಕಾಯಿ ನಮ್ಮ ಮನೆಗೆ. ಕುಂಬಳ, ಗೆಣಸು, ಬೀಟ್‌ರೂಟು, ಒಂದು ಹಿಡಿ ಅಣಬೆ, ಹುರಿದು ಕುಟ್ಟಿದ ಮಸಾಲೆ, ಮೇಲೆ ತುಪ್ಪ. ಅದರ ಘಮ ಪಾತ್ರೆ ಬಿಟ್ಟು, ಮನೆ ಬಿಟ್ಟು, ಓಣಿಯುದ್ದಕ್ಕೂ ನಡೆದು ಬಂದು ಗರಗಸ ಹಿಡಿದ ನನ್ನ ಕೈ ಹಿಡಿದು ನಿಲ್ಲಿಸುತ್ತಿತ್ತು. ಅರ್ಧ ಕೊಯ್ದ ಹಲಗೆ ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆ. ಗಿರಾಕಿಗಳಿಗೂ ಇದು ಗೊತ್ತಿತ್ತು. "ಘಮ ಬಂತು, ಇನ್ನು ಮೇಸ್ತ್ರಿ ಸಿಗೋದಿಲ್ಲ" ಎಂದು ಅವರೇ ಎದ್ದು ಹೋಗುತ್ತಿದ್ದರು.

ಈ ವರ್ಷವೂ ರಾಶಿ ಬಿತ್ತು. ಇವಳು ಅದರ ಪಕ್ಕದಲ್ಲೇ ಗುರುತಿಲ್ಲದವಳ ಹಾಗೆ ನಡೆದು ಹೋದಳು.

"ತಗೊಳ್ಳೋದಿಲ್ವೇನೇ?" ಎಂದೆ.

"ತಗೊಂಡು? ಮಸಾಲೆ ಹುರಿದದ್ದು ಸಾಕಾ, ಉಪ್ಪು ಹಿಡೀತಾ ಅಂತ ಪಕ್ಕದ ಮನೆಯವರನ್ನ ಕರೆದು ಕೇಳಲಾ? ಬೇಡ ರೀ. ನನ್ನ ಒಲೆ ಮುಂದೆ ನಾನೇ ನೆಂಟಳ ಹಾಗೆ ನಿಂತಿರ್ತೀನಿ."

ಆ ಮಾತು ನನಗೆ ಸಿಬಿರಿನ ಹಾಗೆ ಚುಚ್ಚಿಕೊಂಡಿತು. ಕೈಗೆ ಚುಚ್ಚಿದ ಸಿಬಿರನ್ನು ಸೂಜಿಯಲ್ಲಿ ತೆಗೆಯುತ್ತೇನೆ. ಇದನ್ನು ತೆಗೆಯುವುದು ಎಲ್ಲಿಂದ?

ಹಾಗಾಗಿ ಯೋಚಿಸಿದೆ. ಮಳೆಗೆ ಉಬ್ಬಿ ಕಚ್ಚಿಕೊಂಡ ಬಾಗಿಲನ್ನು ಬೆರಳಲ್ಲಿ ತಟ್ಟಿದರೆ ತೆರೆಯುತ್ತದೆಯೇ? ಭುಜ ಕೊಟ್ಟು ಒಂದೇ ಏಟು ಹಾಕಬೇಕು. ಮೂಗಿಗೂ ಅಷ್ಟೇ! ಇಷ್ಟಿಷ್ಟೇ ಘಮ ಹೋಗಿ ತಟ್ಟಿದರೆ ಅದು ಏಳುವುದಿಲ್ಲ. ಇಡೀ ಪಾತ್ರೆಯ ಘಮವನ್ನು ಒಂದು ಎಳೆಯೂ ಸೋರದಂತೆ ಕೂಡಿಹಾಕಿ, ಅವಳ ಮೂಗಿನ ಕೆಳಗೇ ಮುಚ್ಚಳ ತೆಗೆದರೆ? ದಢಾರನೆ ತೆರೆಯಲೇಬೇಕು!

ಈ ಮಹಾಶೋಧವನ್ನು ಮೊದಲು ಪಕ್ಕದ ಮನೆಯ ದರ್ಜಿಗೆ ತಿಳಿಸಿದೆ. ಅವನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಕೈಗೆ ತೆಗೆದುಕೊಂಡು ನನ್ನನ್ನೇ ನೋಡಿದ.

"ಮುಚ್ಚಳದ ಸುತ್ತ ನಾದಿದ ಹಿಟ್ಟು ಮೆತ್ತಬೇಕು ಮೇಸ್ತ್ರಿ. ಆಗ ಘಮ ಹೊರಗೆ ಹೋಗೋದಿಲ್ಲ."

"ಹಿಟ್ಟು? ಮರದ ಸಂದಿಗೆ ಯಾರಾದ್ರೂ ಹಿಟ್ಟು ಮೆತ್ತುತ್ತಾರೇನಯ್ಯಾ?"

"ಇದು ಮರ ಅಲ್ಲ, ಅನ್ನ."

"ಸಂದಿ ಸಂದಿಯೇ! ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ತೋರಿಸ್ತೀನಿ."

ಭಾನುವಾರ ಕುಂಬಳಕಾಯಿಯನ್ನು ಮೇಜಿನ ಮೇಲೆ ಕೂರಿಸಿದೆ. ಅಳತೆಯಿಲ್ಲದೆ ಕೊಯ್ಯುವುದು ನನ್ನ ಜಾಯಮಾನವಲ್ಲ. ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದೆ, ಮಟ್ಟಗೋಲು ಇಟ್ಟೆ, ಗೆರೆ ಎಳೆದೆ. ಕುಂಬಳ, ಗೆಣಸು, ಬೀಟ್‌ರೂಟು ಎಲ್ಲಕ್ಕೂ ಒಂದೇ ಅಳತೆ, ನಾಲ್ಕೂ ಮೂಲೆ ಕರಾರುವಾಕ್ಕು! ಅಣಬೆ ಮಾತ್ರ ಮೂಲೆಗೆ ಒಪ್ಪಲಿಲ್ಲ. ಅದರ ಬುಡ ತಲೆ ಸವರಿ ದಾರಿಗೆ ತಂದೆ.

ಹೊಸ್ತಿಲಾಚೆ ಮಣೆ ಹಾಕಿ ಕೂತಿದ್ದ ಇವಳು ಕತ್ತು ಉದ್ದ ಮಾಡಿದಳು.

"ಅಡುಗೆ ಮಾಡ್ತಿದ್ದೀರೋ, ಚೌಕಾಬಾರದ ಮನೆ ಮಾಡ್ತಿದ್ದೀರೋ?"

"ಸಮ ಅಳತೆ ಇದ್ರೆ ಸಮ ಬೇಯುತ್ತೆ!"

"ಬೀಟ್‌ರೂಟು ನಿಮ್ಮ ಹಾಗೆ, ಸುಲಭಕ್ಕೆ ಮೆತ್ತಗಾಗೋದಿಲ್ಲ. ಕುಂಬಳ ನನ್ನ ಹಾಗೆ, ಬಿಸಿ ತಾಗಿದ ಕೂಡಲೇ ಕರಗುತ್ತೆ. ಎರಡನ್ನೂ ಒಂದೇ ಅಳತೆಗೆ ಕೊಯ್ದರೆ ಹೇಗ್ರೀ?"

"ಹೊಸ್ತಿಲಾಚೆ ಕೂತವರು ಮಾತಾಡಬಾರದು!"

ಒಲೆ ಹಚ್ಚಿದೆ, ಎಣ್ಣೆ ಬಿಟ್ಟೆ, ಜೀರಿಗೆ ಎತ್ತಿದೆ.

"ಎಣ್ಣೆ ಕಾದಿಲ್ಲ" ಎಂದಿತು ಹೊಸ್ತಿಲು.

"ನಿನಗೆ ಹೇಗೆ ಗೊತ್ತು?"

"ಕಿವಿಗೆ ಜ್ವರ ಬಂದಿರಲಿಲ್ಲ. ಕಾದ ಎಣ್ಣೆ ಹೀಗೆ ಮೌನವಾಗಿರೋದಿಲ್ಲ."

ಕಾದೆ. ಎಣ್ಣೆ ಪಿಸುಗುಟ್ಟಿತು. ಜೀರಿಗೆ ಸಿಡಿಯಿತು, ಚಕ್ಕೆ ಲವಂಗ ಬಿದ್ದವು, ಈರುಳ್ಳಿ ಬಿತ್ತು. ಆಗ ಘಮ ಎದ್ದಿತು ನೋಡಿ! ನನ್ನ ಕೈಯಿಂದ! ಖುಷಿಯಿಂದ ತಿರುಗಿ ನೋಡಿದೆ. ಇವಳು ಮೂಗರಳಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಯಾರೋ ಕರೆದ ಹಾಗಾಯಿತೇ ಎಂದು ಕಿವಿಗೊಟ್ಟವರ ಹಾಗೆ. ಆಮೇಲೆ ಕಣ್ಣು ತೆರೆದು, ನಾನು ನೋಡುತ್ತಿರುವುದು ಕಂಡು, ಸೆರಗಿನಿಂದ ಸುಮ್ಮನೆ ಮೂಗು ಒರೆಸಿಕೊಂಡಳು.

"ಈರುಳ್ಳಿ ಕೆಂಪಗಾಯ್ತಾ ನೋಡಿ" ಎಂದಳು. ಅಷ್ಟೇ.

ಇನ್ನು ತಡಮಾಡಬಾರದು! ಒಂದು ಎಳೆ ಘಮ ಹೊರಗೆ ಹೋದರೂ ನಷ್ಟ! ತರಕಾರಿ, ಮಸಾಲೆ, ಅಕ್ಕಿ, ನೀರು ಎಲ್ಲವನ್ನೂ ಸುರಿದು ಮುಚ್ಚಳ ಮುಚ್ಚಿದೆ. ಚೀಲದಿಂದ ಪುಟ್ಟಿ ತೆಗೆದೆ. ಮರದ ಬಿರುಕಿಗೆ ನಾವು ತುಂಬುವ ಪುಟ್ಟಿ. ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಬಂಡೆ. ಒಳಗಿನ ಅನ್ನಕ್ಕೆ ತಾಗದಂತೆ ಹೊರಗಿನಿಂದ ಮುಚ್ಚಳದ ಸುತ್ತ ದಪ್ಪಗೆ ಮೆತ್ತಿ, ಅಲಗಿನಲ್ಲಿ ನಯ ಮಾಡಿದೆ. ಅದೂ ಸಾಲದೆನಿಸಿತು. ಹಲಗೆಗೆ ಹಲಗೆ ಅಂಟಿಸುವಾಗ ಬಿಗಿಯುವ ಕಬ್ಬಿಣದ ಕ್ಲ್ಯಾಂಪುಗಳನ್ನು ತಂದು ಪಾತ್ರೆಯ ಅಂಚಿಗೂ ಮುಚ್ಚಳಕ್ಕೂ ಸೇರಿಸಿ ನಾಲ್ಕೂ ಕಡೆ ತಿರುಗಿಸಿ ಬಿಗಿದೆ. ಪಾತ್ರೆ ಈಗ ಕಿರೀಟ ಧರಿಸಿ ಕೂತ ಮಹಾರಾಜನಂತೆ ಕಂಡಿತು. ಮೂಗು ಹತ್ತಿರ ಹಿಡಿದು ಪರೀಕ್ಷಿಸಿದೆ. ಒಂದಿಷ್ಟೂ ಘಮವಿಲ್ಲ. ಭಲೇ!

"ಆಯ್ತು! ಈಗ ಹೇಳು, ಇಳಿಸೋದು ಯಾವಾಗ?"

"ಏನು ಯಾವಾಗ?"

"ಎಷ್ಟು ಹೊತ್ತು ಬೇಯಬೇಕು?"

ಇವಳು ನನ್ನನ್ನು ನೋಡಿದಳು. ಪಾತ್ರೆಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

"ಹೊತ್ತು ಯಾರು ನೋಡಿದ್ರು? ಮೊದಲು ಮಸಾಲೆ ಘಮ ಬರುತ್ತೆ. ಆಮೇಲೆ ಗೆಣಸಿಂದು ಬರುತ್ತೆ. ಕೊನೆಗೆ ಅನ್ನದ್ದು ಬರುತ್ತೆ, ಅದು ಬಂದ ಕೂಡಲೇ ಇಳಿಸೋದು."

ನಾನು ಪಾತ್ರೆಯನ್ನು ನೋಡಿದೆ. ಮಹಾರಾಜರು ನಾಲ್ಕೂ ಕಡೆ ಬಿಗಿದುಕೊಂಡು, ತುಟಿ ಎರಡು ಮಾಡದೆ ಕೂತಿದ್ದರು.

"ಘಮ ಬರೋದಿಲ್ಲ ಅಂದ್ರೆ?"

"ಅಂದ್ರೆ," ಎಂದು ಅವಳು ಮೆಲ್ಲಗೆ ಅಂದಳು, "ನನ್ನ ಹಾಗೆ. ಊಹೆ ಮಾಡ್ಕೋಬೇಕು."

ಆಗ ಹೊಸ್ತಿಲು, ಆಣೆ ಎಲ್ಲ ಮರೆತು ಅವಳು ಒಳಗೆ ಬಂದಳು. ಒಲೆಯೆದುರು ಇಬ್ಬರೂ ಅಕ್ಕಪಕ್ಕ ಮಣೆ ಹಾಕಿ ಕೂತೆವು. ಪಾತ್ರೆ ಒಳಗೊಳಗೇ ಗುಡುಗುತ್ತಿತ್ತು. ಮಸಾಲೆ ಹಂತವೋ, ಗೆಣಸಿನ ಹಂತವೋ ದೇವರಿಗೇ ಗೊತ್ತು. ನಾನು ಮೂಗು ಚಾಚಿದೆ, ಅವಳೂ ಅಭ್ಯಾಸಬಲದಿಂದ ಮೂಗು ಚಾಚಿದಳು. ಮೂಗಿದ್ದವನಿಗೂ ಇಲ್ಲ, ಇಲ್ಲದವಳಿಗೂ ಇಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಸರಿಸಮವಾಗಿ ಕೂತದ್ದು ಅದೇ ಮೊದಲು.

"ನಿಮಗೆ ಗೊತ್ತಾ, ನನಗೆ ಏನು ನೆನಪಾಗುತ್ತೆ ಅಂತ?" ಎಂದಳು. "ಈ ಅನ್ನದ ಘಮ ಅಲ್ಲ. ಅದನ್ನ ಬೇಕಾದ್ರೆ ಬಿಟ್ಟೇನು. ಸಂಜೆ ನೀವು ಬಾಗಿಲಿಗೆ ಬಂದಾಗ ಮೊದಲು ಮರ ಬರ್ತಿತ್ತು, ಆಮೇಲೆ ನೀವು ಬರ್ತಿದ್ರಿ. ಈಗ ಬರೀ ನೀವು ಬರ್ತೀರಿ."

ಬಾಗಿಲಲ್ಲಿ ಅಂಗಿ ಕೊಡವುವುದು ಅವಳಿಗೆ ಕಾಣುತ್ತದೆಯೋ ಏನೋ ಎಂದು ಮೊದಲ ಸಲ ಅನುಮಾನವಾಯಿತು.

"ಬರೀ ನಾನು ಸಾಲದೇನೇ?" ಎಂದೆ.

"ಸಾಲ್ತೀರಿ. ಆದ್ರೆ ಮುನ್ಸೂಚನೆ ಇಲ್ಲದೆ ಬರ್ತೀರಲ್ಲ, ಎದೆ ಧಸಕ್ ಅನ್ನುತ್ತೆ."

ಹೀಗೆ ಮಾತಾಡುತ್ತ ಕೂತೆವು. ಹಳೆಯ ಮನೆಯ ಮಾತು ಬಂತು, ಅಲ್ಲಿಯ ಹೊಗೆ ಹಿಡಿದ ಅಡುಗೆಮನೆಯ ಮಾತು ಬಂತು. ಅವಳು ಒಂದೊಂದನ್ನೂ ಅದರ ವಾಸನೆಯಿಂದಲೇ ನೆನಪಿಟ್ಟಿದ್ದಳು. ಈಗ ಗಂಡನ ಮನೆಯಲ್ಲಿರುವ ಮಗಳು ಮಗುವಾಗಿದ್ದಾಗ ಅವಳ ನೆತ್ತಿ ಕಾಸಿದ ಹಾಲಿನ ಹಾಗಿತ್ತಂತೆ. ನಾನು ಹೆಣ್ಣು ನೋಡಲು ಹೋದ ದಿನ ನನ್ನ ಅಂಗಿಯಿಂದ ಅಂಟಿನ ವಾಸನೆ ಹೊಡೆಯುತ್ತಿತ್ತಂತೆ! ಹೊಸ ಅಂಗಿ ತೊಟ್ಟಿದ್ದೆನಲ್ಲ ಎಂದು ನಾನು ವಾದಕ್ಕೆ ನಿಂತೆ. ಒಲೆ ಉರಿಯುತ್ತಲೇ ಇತ್ತು. ಪಾತ್ರೆಯ ಗುಡುಗು ಯಾವಾಗ ನಿಂತಿತೋ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಆಗ ಪುಟ್ಟಿ 'ಟಪ್' ಎಂದು ಒಂದು ಕಡೆ ಬಿರಿಯಿತು. ಕೂದಲೆಳೆಯಷ್ಟು ಹೊಗೆ ಹೊರಬಂತು.

"ರೀ, ಸೀದಿದೆ" ಎಂದಳು.

"ಎಲ್ಲಿ ಸೀದಿದೆ? ಪುಟ್ಟಿ ಬಿಸಿಗೆ ಒಣಗ್ತಿದೆ."

"ಅಲ್ಲ ರೀ, ಅನ್ನ ಸೀದಿದೆ!"

"ನನ್ನ ಅಡುಗೆ ಸೀಯೋದಾ? ನೀನೊಬ್ಬಳು! ಅಳತೆ ಮಾಡಿ ಇಟ್ಟಿದ್ದೀನಿ."

"ತಳ ಹಿಡಿದಿದೆ ಅಂತೀನಿ! ಗೆಣಸು ಕರಕಲಾಗಿದೆ, ಅದರ ಹಿಂದೆ ಲವಂಗಾನೂ ಸುಡ್ತಿದೆ!"

"ಸುಮ್ನಿರೇ! ನಿನಗೇನು ಗೊತ್ತಾಗುತ್ತೆ? ನಿನಗೆ ವಾಸನೆಯೇ..."

ಬಾಯಿ ಅಲ್ಲೇ ನಿಂತಿತು. ಅವಳ ಬಾಯಿಯೂ ತೆರೆದುಕೊಂಡೇ ಇತ್ತು. ಒಬ್ಬರನ್ನೊಬ್ಬರು ನೋಡಿದೆವು.

"ರೀ..." ಎಂದಳು. "ಸೀದ ವಾಸನೆ ರೀ!"

ನಾನು ಎದ್ದು ಕುಣಿದೆ! ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ! ಅವಳು ಒಲೆ ಆರಿಸಲು ಕೈ ಚಾಚಿದಳು. ನಾನು ಅಡ್ಡ ನಿಂತೆ.

"ಮುಟ್ಟಬೇಡ! ಉರೀಲಿ! ಚೆನ್ನಾಗಿ ಉರೀಲಿ! ಮೂಸು, ಇನ್ನೊಂದು ಸಲ ಮೂಸು!"

"ಮನೆಗೆ ಬೆಂಕಿ ಬೀಳುತ್ತೆ ರೀ!"

"ಬೇರೆ ಕಟ್ಟೋಣ! ನಾನೇ ಬಾಗಿಲು ಕೂರಿಸ್ತೀನಿ! ನೀನು ಮೂಸು!"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೊಗೆಯಲ್ಲಿ ತಿಳಿಯಲಿಲ್ಲ. ಅಷ್ಟರಲ್ಲಿ ಹೊಗೆ ಕಿಟಕಿ ದಾಟಿ ಪಕ್ಕದ ಮನೆ ತಲುಪಿತ್ತು. ಊಟಕ್ಕೆ ಹೊರಟಿದ್ದ ದರ್ಜಿ "ಅಕ್ಕಾ! ಅಕ್ಕಾ!" ಎಂದು ಕೂಗುತ್ತ ಬಕೆಟ್ಟು ನೀರಿನೊಂದಿಗೆ ನುಗ್ಗಿದ. ಅಡುಗೆಮನೆಯಲ್ಲಿ ಕುಣಿಯುತ್ತಿದ್ದ ನನ್ನನ್ನು ಕಂಡು, ಬೆಂಕಿ ಹತ್ತಿದ್ದು ನನಗೇ ಎಂದು ತಿಳಿದು, ಇಡೀ ಬಕೆಟ್ಟನ್ನು ನನ್ನ ತಲೆಯ ಮೇಲೆ ಸುರಿದ! ನನ್ನಿಂದ ಇಳಿದ ನೀರಿನಲ್ಲಿ ಅರ್ಧ ಒಲೆಗೆ ಹೋಯಿತು. ಉರಿ ಆರಿತು.

"ಏನಾಯ್ತು ಮೇಸ್ತ್ರಿ?"

"ಅನ್ನ ಸೀದು ಹೋಯ್ತು ಕಣೋ!" ಎಂದು ನಾನು ಅವನನ್ನು ಅಪ್ಪಿಕೊಂಡೆ.

"ಅದಕ್ಕೆ ಇಷ್ಟು ಸಂತೋಷಾನಾ?"

ಅಪ್ಪಿಕೊಂಡಾಗ ಅವನ ಬಗಲಲ್ಲಿ ಏನೋ ಗಟ್ಟಿಯಾಗಿ ಒತ್ತಿತು. ನೋಡಿದರೆ ಊಟದ ಡಬ್ಬಿ! ನಮ್ಮ ಮನೆಗೆ ಊಟಕ್ಕೆ ಬರುವವನು ತನ್ನ ಮನೆಯಿಂದ ಊಟ ಕಟ್ಟಿಸಿಕೊಂಡು ಬಂದಿದ್ದ. "ಎಲ್ಲಾದ್ರೂ ನಿಮ್ಮದು ಸಾಲದೆ ಹೋದ್ರೆ ಅಂತ..." ಎಂದು ತಲೆ ಕೆರೆದುಕೊಂಡ.

ಮುಚ್ಚಳ ತೆಗೆಯುವ ಸಂಭ್ರಮ ಬೇರೆಯೇ. ಕ್ಲ್ಯಾಂಪು ಬಿಸಿಗೆ ಕಚ್ಚಿಕೊಂಡಿತ್ತು, ಪುಟ್ಟಿ ಬಂಡೆಯಾಗಿತ್ತು. ದರ್ಜಿ ಪಾತ್ರೆ ಅದುಮಿ ಹಿಡಿದ. ನಾನು ಉಳಿ ಇಟ್ಟು ಕೊಡತಿಯಲ್ಲಿ ಹೊಡೆದೆ. ನನ್ನ ಕೈಕೆಲಸ ಎಷ್ಟು ಗಟ್ಟಿಯೆಂದು ಅವತ್ತು ನನಗೇ ತಿಳಿಯಿತು! ಕೊನೆಗೆ ಮುಚ್ಚಳ ಹಾರಿತು. ತಳದಲ್ಲಿ ಇದ್ದಿಲು. ಕುಂಬಳಕಾಯಿ ಇತ್ತೆಂಬುದಕ್ಕೆ ಸಾಕ್ಷಿಯೇ ಇಲ್ಲ. ನಡುವೆ ಬೀಟ್‌ರೂಟಿನ ಚೌಕಗಳು ಮಾತ್ರ ನಾಲ್ಕೂ ಮೂಲೆ ಮುಕ್ಕಾಗದೆ ಕಲ್ಲಿನಂತೆ ನಿಂತಿದ್ದವು.

ಅದರಿಂದ ಕೊನೆಯ ಹೊಗೆ ಎದ್ದಿತು. ಇವಳು ಬಗ್ಗಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಹುಬ್ಬು ಗಂಟಿಕ್ಕಿತು. ಥಟ್ಟನೆ ಎದ್ದು ನೆಟ್ಟಗೆ ನನ್ನ ಬಳಿಗೆ ಬಂದು, ದರ್ಜಿ ಇದ್ದಾನೆಂಬುದನ್ನೂ ಮರೆತು, ಒದ್ದೆ ಅಂಗಿಯ ಭುಜಕ್ಕೆ ಮುಖ ಒತ್ತಿದಳು. ಹಿಂದಿನ ದಿನ ಇಡೀ ದಿನ ಹಲಸು ಕೊಯ್ದಿದ್ದ ಕೆಲಸದ ಅಂಗಿ ಅದು. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾವ ಮರ?" ಎಂದೆ.

ಅವಳು ಬಹಳ ಹೊತ್ತು ಹುಡುಕಿದಳು.

"ಇಲ್ಲ ರೀ. ಹೋಯ್ತು."

"ಪೂರ್ತಿ?"

"ಹೂಂ. ಬಾಗಿಲಿಗೆ ಬಂದು ಮಾತಾಡಿಸಿ ಹೋದ ಹಾಗೆ." ತಲೆಯನ್ನು ಮಾತ್ರ ಭುಜದಿಂದ ತೆಗೆಯಲಿಲ್ಲ. "ಆದ್ರೆ ಬಂದಿತ್ತು, ಅಲ್ವಾ?"

"ಬಂದಿತ್ತು ಕಣೇ. ನಾನೇ ಸಾಕ್ಷಿ. ನನ್ನ ಜೊತೆ ಜಗಳಾನೂ ಆಡಿತ್ತು."

ದರ್ಜಿ ಗೋಡೆಯ ಕಡೆ ತಿರುಗಿ ಕೆಮ್ಮಿ, ಡಬ್ಬಿ ಬಿಚ್ಚಿ ಮೂರು ತಟ್ಟೆಗೆ ಹಂಚಿದ. ಊಟಕ್ಕೆ ಕರೆದವನು ನಾನು, ಬಡಿಸಿದವನು ಅವನು! ನನ್ನ ಮಾನ ಆ ಪಾತ್ರೆಯ ತಳದಲ್ಲಿ ಕಪ್ಪಗೆ ಹಿಡಿದು ಕೂತಿತ್ತು. ಹಾಗಂತ ಬಿಟ್ಟುಕೊಡುವವನೇ ನಾನು? ಮೊದಲ ತುತ್ತಿಗೇ ಎದೆ ಮತ್ತೆ ಸೆಟೆಯಿತು.

"ನೋಡ್ತಿರು! ನಾಳೆ ಮತ್ತೆ ಮಾಡ್ತೀನಿ. ಪುಟ್ಟಿ ಬೇಡ, ಹಿಟ್ಟೇ ಮೆತ್ತುತ್ತೀನಿ. ಬೀಟ್‌ರೂಟು ಸಣ್ಣಗೆ, ಕುಂಬಳ ದಪ್ಪಗೆ. ಸಣ್ಣ ಉರಿ. ಒಂದು ಅಗುಳು ಸೀದರೆ ಕೇಳು!"

ಇವಳು ತಟ್ಟೆ ಕೆಳಗಿಟ್ಟು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.

"ಅಯ್ಯೋ ರೀ, ನಿಮ್ಮ ದಮ್ಮಯ್ಯ! ಚೆನ್ನಾಗಿ ಮಾಡೋಕೆ ಹೋಗಿ ಕೆಡಿಸಬೇಡಿ. ಇವತ್ತಿನ ಹಾಗೇ ಸೀಯಿಸಿ!"